ಭೇರ್ಯದವನ ಚರ್ಮ

ನನ್ನ ಗೆಳೆಯನೊಬ್ಬ ದಿನಾ ಬೆಳಿಗ್ಗೆ ಆರೂವರೆಗೆ ವಾಟ್ಸಾಪಿನಲ್ಲಿ ತನ್ನ ಕುಂಡಿಯ ಫೋಟೋ ಕಳಿಸುತ್ತಿದ್ದ. ನಾನು ನನ್ನದನ್ನು ಅವನಿಗೆ ಕಳಿಸುತ್ತಿದ್ದೆ. ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ನಮ್ಮತ್ತಿಗೆಯೂ ಮೊದಮೊದಲು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಕಾಫಿ ತಂದು ಬಾಗಿಲ ಹೊರಗೇ ನಿಂತು, "ಆಯ್ತೇನಪ್ಪಾ ನಿನ್ ಫೋಟೋ ತೆಗ್ಯೋದು? ಒಳೀಕ್ ಬರಬೈದಾ?" ಎಂದು ಕೇಳುತ್ತಿದ್ದರು.

ನಾವಿಬ್ಬರೂ ಮಾಜಿ ಸೈನಿಕರು. ನಾನು ಪಿರಿಯಾಪಟ್ಟಣದ ಪಕ್ಕದ ಹಳ್ಳಿಯವನು, ಅವನು ಭೇರ್ಯದ ಕಡೆಯವನು. ಇಬ್ಬರಿಗೂ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಏನೂ ಗೊತ್ತಾಗುವುದಿಲ್ಲ. ನೀವು ಒಂದು ಗಂಟೆ ಒಂದೇ ಕಡೆ ಕೂತರೆ ಒದ್ದಾಡುತ್ತೀರಲ್ಲ, ಆ ಒದ್ದಾಟವೇ ನಿಮ್ಮ ಚರ್ಮವನ್ನು ಕಾಯುವುದು. ನಮಗೆ ಅದಿಲ್ಲ. ಗಾಲಿಕುರ್ಚಿಯಲ್ಲಿ ಕೂತಷ್ಟು ಹೊತ್ತೂ ಮೂಳೆ ಚರ್ಮವನ್ನು ಒತ್ತುತ್ತಲೇ ಇರುತ್ತದೆ. ಕಾಲು ಗಂಟೆಗೊಮ್ಮೆ ಎರಡು ಕೈ ಊರಿ ಮೈಯನ್ನು ಮೇಲೆತ್ತದಿದ್ದರೆ ಒಂದು ಕೆಂಪು ಕಲೆ ಬರುತ್ತದೆ. ಕೆಂಪು ಕಪ್ಪಾಗುತ್ತದೆ, ಕಪ್ಪು ಒಡೆದು ಹುಣ್ಣಾಗುತ್ತದೆ, ಹುಣ್ಣು ಮೂಳೆಯವರೆಗೆ ಇಳಿಯುತ್ತದೆ. ನೋವೇ ಇಲ್ಲದ್ದರಿಂದ ಇದೆಲ್ಲ ನಡೆಯುತ್ತಿರುವುದು ನಮಗೇ ಗೊತ್ತಿರುವುದಿಲ್ಲ. ಬೆಡ್‌ಸೋರು ಅನ್ನುತ್ತಾರೆ. ನನ್ನ ವಾರ್ಡಿನಲ್ಲಿದ್ದ ಗಟ್ಟಿಮುಟ್ಟಾದ ಜವಾನರಲ್ಲಿ ಕೆಲವರು ಹೋಗಿದ್ದು ಗುಂಡಿಗಲ್ಲ, ಈ ಹುಣ್ಣಿಗೆ.

ಅದಕ್ಕೇ ಈ ಫೋಟೋ. ನಮ್ಮದನ್ನು ನಾವೇ ಕನ್ನಡಿಯಲ್ಲಿ ನೋಡಿಕೊಂಡರೆ ಸೋಮಾರಿತನಕ್ಕೆ "ಏನಿಲ್ಲ ಬುಡು" ಅಂದುಕೊಂಡುಬಿಡುತ್ತೇವೆ. ಇನ್ನೊಬ್ಬ ನೋಡಬೇಕು. ನಾನು ಸೆಲ್ಫಿ ಕಡ್ಡಿಗೆ ಫೋನು ಸಿಗಿಸಿ, ಮಗ್ಗುಲಾಗಿ ಮಲಗಿ ತೆಗೆದುಕೊಳ್ಳುತ್ತಿದ್ದೆ. ಅವನದನ್ನು ಅವನ ಹೆಂಡತಿ ತೆಗೆಯುತ್ತಿದ್ದಳು. ಮಾತಿಲ್ಲ ಕತೆಯಿಲ್ಲ. ಕಳಿಸಬೇಕು, ನೋಡಬೇಕು, ಸರಿ ಇದ್ದರೆ ಹೆಬ್ಬೆಟ್ಟಿನ ಗುರುತು ಒತ್ತಬೇಕು.

ಈಗ ನಿಜ ಹೇಳಿಬಿಡುತ್ತೇನೆ. ನನಗೆ ಅವನನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಸ್ನೇಹ ಇರಲಿಲ್ಲವೆಂದಲ್ಲ, ಸ್ನೇಹವೂ ಇತ್ತು, ಉರಿಯೂ ಇತ್ತು. ಲೆಕ್ಕ ಹಾಕಿದರೆ ಉರಿಯೇ ಒಂದು ಗುಲಗಂಜಿ ಹೆಚ್ಚು.

ಅವನಿಗೆ ಗುಂಡು ಬಿದ್ದದ್ದು ಗಡಿಯಲ್ಲಿ. ಬಿದ್ದ ಮೇಲೂ ತೆವಳಿಕೊಂಡೇ ಇನ್ನೊಬ್ಬನನ್ನು ಎಳೆದು ತಂದನೆಂದು ಪದಕ ಕೊಟ್ಟರು. ನಾನು ಬಿದ್ದದ್ದು ಈರುಳ್ಳಿ ಲಾರಿಯಿಂದ. ಹೌದು, ನಮ್ಮ ಯೂನಿಟ್ಟಿಗೆ ರೇಷನ್ ತರುತ್ತಿದ್ದ ಲಾರಿ ಬೆಟ್ಟದ ತಿರುವಿನಲ್ಲಿ ಪಲ್ಟಿ ಹೊಡೆಯಿತು, ನನ್ನ ಮೇಲೆ ಈರುಳ್ಳಿ ಮೂಟೆಗಳು ಬಿದ್ದವು. ಪಿರಿಯಾಪಟ್ಟಣದ ಒಂದು ಸ್ಕೂಲಿನಲ್ಲಿ ಬಾವುಟ ಹಾರಿಸಲು ಕರೆದವರು ಮೈಕು ಕೈಗೆ ಕೊಟ್ಟು, "ಯಾವ ಯುದ್ಧದಲ್ಲಿ ಸಾರ್?" ಎಂದು ಕೇಳಿದರು. "ಗಾಡಿ ಪಲ್ಟಿ" ಎಂದೆ. ಚಪ್ಪಾಳೆ ಹೊಡೆಯಲು ಎತ್ತಿದ ಕೈಗಳು ಅಲ್ಲೇ ನಿಂತವು. ಮುಂದಿನ ವರ್ಷ ಅವರು ಭೇರ್ಯದವನನ್ನು ಕರೆಸಿದರು. ನನ್ನ ತಾಲ್ಲೂಕಿಗೆ, ನನ್ನ ಮನೆ ಮುಂದಿನ ರಸ್ತೆಯಲ್ಲೇ ಹೂವಿನ ಹಾರ ಹಾಕಿಕೊಂಡು ಜೀಪಿನಲ್ಲಿ ಹೋದ. ಕೈ ಬೇರೆ ಬೀಸಿದ.

ಪದಕ ಹಾಳಾಗಿ ಹೋಗಲಿ. ಅವನಿಗೆ ಹೆಂಡತಿ ಇದ್ದಳು. ನನಗೆ ಮದುವೆ ಗೊತ್ತಾಗಿದ್ದ ಹುಡುಗಿಯ ಮನೆಯವರು ನಾನು ಆಸ್ಪತ್ರೆಯಲ್ಲಿರುವಾಗಲೇ ಅಣ್ಣನಿಗೆ ಫೋನ್ ಮಾಡಿ, ಬಹಳ ಮರ್ಯಾದೆಯಿಂದಲೇ ಬೇಡ ಅಂದಿದ್ದರು. ಅವನ ಹೆಂಡತಿ ಅಂಗನವಾಡಿ ಕೆಲಸ ಮಾಡಿಕೊಂಡು, ಅವನನ್ನೂ ನೋಡಿಕೊಂಡು, ಫೋನಿನಲ್ಲಿ ನಗುನಗುತ್ತಾ ಮಾತಾಡುತ್ತಿದ್ದಳು. ಅದೂ ಹೋಗಲಿ. ಅವನ ಎಡಗಾಲಿನ ಹೆಬ್ಬೆರಳು ಒಂದಿಷ್ಟು ಅಲ್ಲಾಡುತ್ತಿತ್ತು. ದೂರದೂರಿನ ಸೇನಾ ಆಸ್ಪತ್ರೆಯಲ್ಲಿ ನಮ್ಮ ಮಂಚಗಳು ಅಕ್ಕಪಕ್ಕ. ಇಡೀ ವಾರ್ಡಿನಲ್ಲಿ ಕನ್ನಡದವರು ನಾವಿಬ್ಬರೇ. ಅವನು ಬೆಳಿಗ್ಗೆ ಎದ್ದು, "ನೋಡ್ಲಾ, ನೋಡ್ಲಾ" ಎಂದು ಆ ಬೆರಳನ್ನು ಅಲ್ಲಾಡಿಸಿ ತೋರಿಸುವನು. ನಾನು "ಶಭಾಷ್ ಕಣ್ಲಾ" ಎನ್ನುವೆನು. ಆಮೇಲೆ ಹೊದಿಕೆಯೊಳಗೆ ನನ್ನ ಬೆರಳುಗಳಿಗೆ ಕಣ್ಣು ಮುಚ್ಚಿ ಆರ್ಡರು ಕೊಡುವೆನು. ಒಂದೂ ಮಾತು ಕೇಳಲಿಲ್ಲ.

ಊರಿಗೆ ಬಂದ ಮೇಲೆ ನಾನು ಕುಡಿತಕ್ಕೆ ಬಿದ್ದೆ. ಮಾಜಿ ಸೈನಿಕರಿಗೆ ತಿಂಗಳಿಗಿಷ್ಟು ಎಂದು ಕ್ಯಾಂಟೀನಿನಲ್ಲಿ ರಮ್ಮಿನ ಕೋಟಾ ಇರುತ್ತದೆ. ಅಣ್ಣ ಮೈಸೂರಿಗೆ ಹೋದಾಗ ತರುತ್ತಿದ್ದ. ಮೊದಲು ರಾತ್ರಿ ನಿದ್ದೆಗೆಂದು ಕುಡಿದೆ, ಆಮೇಲೆ ಹಗಲು ಕಳೆಯಲೆಂದು. ಕೂತಲ್ಲಿಂದ ಕಾಣುತ್ತಿದ್ದದ್ದು ಒಂದು ಅಂಗಳ, ಒಂದು ಹುಣಸೆಮರ, ಎದುರಿಗೆ ನಮ್ಮ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು. ಇನ್ನು ನಲವತ್ತು ವರ್ಷ ಇದನ್ನೇ ನೋಡಬೇಕಲ್ಲ ಎನ್ನಿಸಿದ ದಿನ ಬದುಕೇ ಬೇಡವೆನ್ನಿಸುತ್ತಿತ್ತು. ಯಾರಿಗೂ ಹೇಳಲಿಲ್ಲ. ನಮ್ಮ ಕಡೆ ಗಂಡಸಿಗೆ ಬೇಜಾರಾದರೆ, "ಒಂದ್ ಕ್ವಾಟ್ರು ಆಕ್ಕೊಂಡ್ ಮನಿಕೊ" ಅನ್ನುವುದೇ ಔಷಧಿ.

ಒಂದು ಮಳೆಗಾಲದ ಮಧ್ಯಾಹ್ನ ಚಳಿಯೆಂದು ಬ್ಯಾರನ್ನಿನ ಒಲೆಬಾಯಿಯ ಹತ್ತಿರ ಕುರ್ಚಿ ತಳ್ಳಿಸಿಕೊಂಡು ಕೂತಿದ್ದೆ. ಸೊಪ್ಪು ಕಟ್ಟುವವರೂ ಸುತ್ತ ಕೂತಿದ್ದರು, ನನ್ನ ಬಾಟಲಿಯೂ ಇತ್ತು. ನಗು, ತಮಾಷೆ. ಒಬ್ಬ ಮೂಗರಳಿಸಿ, "ಏನೋ ಸುಡ್ತಾ ಅದಲ್ರಪ್ಪಾ" ಎಂದ. ನಾನೂ ಮೂಗರಳಿಸಿ, "ಅವ್ದು ಕಣ್ಲಾ, ಯಾರದೋ ಚಪ್ಪಲಿ ಇರಬೇಕು, ನೋಡ್ರಿ" ಎಂದೆ. ಚಪ್ಪಲಿಯಲ್ಲ, ನನ್ನ ಬಲಗಾಲು. ಒಲೆಯೊಳಗಿನ ಸೌದೆಗೆ ತಗುಲಿಕೊಂಡು ಅದೆಷ್ಟು ಹೊತ್ತಿನಿಂದ ಸುಡುತ್ತಿತ್ತೋ. ಎರಡು ಬೆರಳು ತೆಗೆದರು.

ಆ ಸುದ್ದಿ ಕೇಳಿ ಭೇರ್ಯದವನು ಫೋನ್ ಮಾಡಿದ. "ನಾನೂ ಕುಡೀತಿದ್ದೆ ಕಣ್ಲಾ. ಬುಟ್ಟೆ. ನೀನೂ ಬುಡು. ಇಬ್ರೂ ಒಬ್ರನ್ನೊಬ್ರು ಕಾಯಾನ. ದಿನಾ ಬೆಳಿಗ್ಗೆ ಫೋಟೋ ಕಳ್ಸು, ನಾನು ನೋಡ್ತೀನಿ. ನಂದು ನೀನ್ ನೋಡು. ಕುಡ್ದೋನ್ ಕುಂಡಿ ಸುಳ್ಳೇಳಕ್ಕಿಲ್ಲ" ಎಂದ. ಆ ಮಾತಿಗೆ ನಾನು ಕಾಲು ಸುಟ್ಟ ಮೇಲೆ ಮೊದಲ ಸಲ ನಕ್ಕೆ. ಕುಡಿತವನ್ನು ಒಬ್ಬನೇ ಬಿಡಲು ನನ್ನಿಂದ ಆಗಲಿಲ್ಲ. ಮೈಸೂರಿನ ಮನಸ್ಸಿನ ಡಾಕ್ಟರ ಹತ್ತಿರ ಹೋಗಿ ಅಷ್ಟು ದೊಡ್ಡ ಗಂಡಸು ಗೊಳೋ ಎಂದು ಅತ್ತೆ. ಅವರು ಮಾತ್ರೆ ಕೊಟ್ಟರು, ಹದಿನೈದು ದಿನಕ್ಕೊಮ್ಮೆ ಕೂರಿಸಿಕೊಂಡು ಮಾತಾಡಿಸಿದರು. ಕೈ ನಡುಕ ನಿಲ್ಲುವಷ್ಟರಲ್ಲಿ ಸಾಕುಬೇಕಾಯಿತು. "ನಿಂಗೂ ಮಾತ್ರೆ ಕೊಟ್ಟವ್ರಾ?" ಎಂದು ಅವನನ್ನು ಕೇಳಿದರೆ, "ನಂಗ್ಯಾಕ್ಲಾ? ಬುಡಬೇಕು ಅಂದ್ಕೊಂಡೆ, ಬುಟ್ಟೆ" ಎಂದ. ನೋಡಿ, ಇದರಲ್ಲೂ ನನ್ನನ್ನು ಸೋಲಿಸಿದ.

ಇನ್ನು ಅವನ ಫೋಟೋಗಳು. ಎಳೇ ಮಗುವಿನದರ ಹಾಗೆ ನುಣ್ಣಗಿರುತ್ತಿತ್ತು ಅವನ ಚರ್ಮ. ನನ್ನದರಲ್ಲಿ ಒಂದು ದಿನ ಇಲ್ಲೊಂದು ಕೆಂಪು, ಇನ್ನೊಂದು ದಿನ ಅಲ್ಲೊಂದು ಗೀರು ಎಂದು ಮೊದಮೊದಲು ಅವನು ತಿಳಿಸುತ್ತಿದ್ದ. ಕೆಂಪು ಕಂಡ ದಿನವೆಲ್ಲ ಮಕಾಡೆ ಮಲಗಬೇಕು. ನಾನು ಅವನ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಮೂಲೆಮೂಲೆ ಹುಡುಕುತ್ತಿದ್ದೆ. ಅವನ ಒಳ್ಳೆಯದಕ್ಕಲ್ಲ. ಒಂದಾದರೂ ಕಲೆ ಸಿಗಲಿ ಎಂದು. ನನ್ನ ಫೋಟೋವನ್ನು ನಾನು ತೆಗೆದು ನೋಡುತ್ತಲೇ ಇರಲಿಲ್ಲ, ಹೇಗೂ ಅವನು ನೋಡುತ್ತಾನಲ್ಲ.

ಹೀಗೆ ಒಂದು ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ಸಿಕ್ಕಿತು! ಬಲಗಡೆ, ಸೊಂಟದ ಹತ್ತಿರ, ಒಂದು ಕೆಂಪು ಚುಕ್ಕೆ. ಹಿಗ್ಗಿಸಿ ನೋಡಿದೆ. ಥೂ, ಸೊಳ್ಳೆ ಕಚ್ಚಿದ್ದು. ಆದರೂ ಒಂದು ತರಹದ ಸಮಾಧಾನ. ಮರುದಿನ ಆಸೆಯಿಂದ ನೋಡಿದೆ, ಇತ್ತು. ಅದರ ಮರುದಿನವೂ ಇತ್ತು. "ಇವನಿಗೂ ವಾಸಿಯಾಗದ್ದು ಒಂದಿದೆ" ಎಂದು ಖುಷಿಪಟ್ಟೆ. ಆರನೇ ದಿನವೂ ಅದು ಅಲ್ಲೇ, ಅಷ್ಟೇ ದಪ್ಪಕ್ಕೆ, ಅಷ್ಟೇ ಕೆಂಪಗೆ ಇತ್ತು. ಸೊಳ್ಳೆ ಕಚ್ಚಿದ್ದು ಆರು ದಿನ ಇರುತ್ತದೆಯೇ? ಹಿಂದಿನ ಫೋಟೋಗಳನ್ನೆಲ್ಲ ತೆಗೆದು ಒಂದಾದ ಮೇಲೊಂದು ನೋಡಿದೆ. ಬೆಡ್‌ಶೀಟಿನ ಮಡಿಕೆ ಅದೇ, ಮೂಲೆಯಲ್ಲಿ ಬಿದ್ದಿದ್ದ ಟವಲ್ಲಿನ ತುದಿ ಅದೇ. ಅವನು ಆರು ದಿನದಿಂದ ಒಂದೇ ಫೋಟೋ ಕಳಿಸುತ್ತಿದ್ದ.

ಅಂದರೆ ಹೊಸದನ್ನು ತೋರಿಸುವ ಹಾಗಿಲ್ಲ. ಅಂದರೆ ಹುಣ್ಣಾಗಿದೆ. ನನ್ನಂಥವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆ ಕ್ಷಣವೇ ಫೋನ್ ಮಾಡಬೇಕಿತ್ತು.

ಮಾಡಲಿಲ್ಲ. ಹೆಬ್ಬೆಟ್ಟು ಒತ್ತಿದೆ.

ಯಾಕೆಂದು ಸುತ್ತಿಬಳಸಿ ಹೇಳುವುದಿಲ್ಲ. ಆಗಲಿ ಅನ್ನಿಸಿತು. ಇವನೂ ಒಂದು ತಿಂಗಳು ಮಕಾಡೆ ಮಲಗಲಿ, ಇವನ ಕೋಣೆಯಲ್ಲೂ ಡೆಟಾಲು ವಾಸನೆ ಬರಲಿ, ಜೀಪಿನಲ್ಲಿ ಕೈ ಬೀಸುವುದು ಒಂದು ವರ್ಷ ತಪ್ಪಲಿ. ಸಾಯಲಿ ಎಂದು ಅಂದುಕೊಳ್ಳಲಿಲ್ಲ, ಅಷ್ಟು ಮಾತ್ರ ಎದೆ ಮುಟ್ಟಿಕೊಂಡು ಹೇಳಬಲ್ಲೆ. ಸಣ್ಣ ಹುಣ್ಣು, ಅದೊಂದು ಸಾಕು ಎಂದುಕೊಂಡೆ. ಸಣ್ಣದೋ ದೊಡ್ಡದೋ ನನಗೇನು ಗೊತ್ತಿತ್ತು? ಆ ದಿನ ಅತ್ತಿಗೆಯ ಕೈಲಿ ಉಪ್ಪೆಸರು ಮಾಡಿಸಿಕೊಂಡು ಎರಡು ಮುದ್ದೆ ಉಂಡೆ. ಮರುದಿನ ಬೆಳಿಗ್ಗೆಯೂ ಅದೇ ಫೋಟೋ ಬಂತು. ನಾನು ಮತ್ತೆ ಹೆಬ್ಬೆಟ್ಟು ಒತ್ತಿದೆ.

ಮೂರನೆಯ ದಿನ ಆರೂವರೆ ದಾಟಿ, ಎಂಟಾಗಿ, ಹತ್ತಾದರೂ ಫೋಟೋ ಬರಲಿಲ್ಲ. ನಾನೇ ಫೋನ್ ಮಾಡಿದೆ. ಬಹಳ ಹೊತ್ತಿಗೆ ಎತ್ತಿದ.

"ಎಂಗಿದ್ದೀಯ್ಲಾ?"

"ಚೆನ್ನಾಗಿವ್ನಿ ಕಣ್ಲಾ... ಏನು ಇಷ್ಟೊತ್ನಲ್ಲಿ..." ಹಲ್ಲು ಕಟಕಟ ಎನ್ನುತ್ತಿತ್ತು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಅವನು ನಡುಗುತ್ತಿದ್ದ. ನಾಲಿಗೆಯೂ ಹೊರಳುತ್ತಿರಲಿಲ್ಲ, ಒಂದೊಂದು ಅಕ್ಷರವನ್ನೂ ಎಳೆಯುತ್ತಿದ್ದ. ಆ ನಾಲಿಗೆ ನನಗೆ ಚೆನ್ನಾಗಿ ಗೊತ್ತು. ಎರಡು ವರ್ಷ ನನ್ನ ಬಾಯಲ್ಲೇ ಇತ್ತು.

ಕೈಕಾಲು ಬಿದ್ದುಹೋದ ಹಾಗಾಯಿತು ಎನ್ನುತ್ತಾರಲ್ಲ, ಕಾಲು ಮೊದಲೇ ಬಿದ್ದುಹೋಗಿದೆ, ಆಗ ಕೈಯೂ ಹೋಯಿತು. ಅವನ ಹೆಂಡತಿಗೆ ಫೋನ್ ಮಾಡಿದೆ. ಆಗಲೇ ಅಂಗನವಾಡಿಯಲ್ಲಿದ್ದಳು, ಹಿಂದೆ ಮಕ್ಕಳ ಗಲಾಟೆ.

"ಮನೆಗೋಗವ್ವಾ. ಈಗ್ಲೇ ಓಗು. ಅವನ್ನ ಮಗ್ಗುಲಾಗಿ ಹೊರಳ್ಸಿ ನೋಡು."

"ಯಾಕಣ್ಣಾ? ಚೆನ್ನಾಗವ್ರಲ್ಲಾ. ನಿನ್ನೆನೂ ಫೋಟೋ ಕಳ್ಸುದ್ರು. ಮೂರು ತಿಂಗಳಿಂದ ಅವ್ರೇ ತಕ್ಕೊಳದು, ಕಡ್ಡಿ ತರ್ಸ್ಕೊಂಡವ್ರೆ. ನನ್ನ ಮುಟ್ಟಕ್ಕೂ ಬುಡಾಕಿಲ್ಲ."

"ನೋಡು ಅಂದೆ ಕಣವ್ವಾ!" ಎಂದು ಕಿರುಚಿದೆ. ಅಷ್ಟು ಒಳ್ಳೆಯ ಹೆಣ್ಣುಮಗಳ ಮೇಲೆ ಕಿರುಚಿದೆ.

ಅರ್ಧ ಗಂಟೆಗೆ ಅವಳ ಫೋನು ಬಂತು. ಬರೀ ಅಳು. ಆಮೇಲೆ, "ಮುಷ್ಟಿ ಓಯ್ತದಣ್ಣಾ ಒಳೀಕೆ" ಎಂದಳು.

ಆಂಬುಲೆನ್ಸಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋದರು. ನಾನೂ ಅಣ್ಣನ ಜೊತೆ ಹೋದೆ. ನಂಜು ರಕ್ತಕ್ಕೆ ಸೇರಿತ್ತು. ಒಂಬತ್ತು ದಿನ ಅವನು ಉಳಿಯುತ್ತಾನೋ ಇಲ್ಲವೋ ಎಂದು ಯಾರೂ ಹೇಳಲಿಲ್ಲ. ಯೂರಿನ್ ಬ್ಯಾಗುಗಳ ಕಾರ್ಟನ್ನಿನಲ್ಲಿ ಮನೆಯವರಿಗೆ ಖಾಲಿ ಬಾಟಲಿಗಳು ಸಿಕ್ಕವು. ಹೆಂಡತಿ ಕೆಲಸಕ್ಕೆ ಹೋದ ಮೇಲೆ ಶುರು ಮಾಡಿ, ಸಂಜೆಯವರೆಗೆ ಅಲುಗಾಡದೆ ಒಂದೇ ಕಡೆ ಕೂತು ಕುಡಿಯುತ್ತಿದ್ದನಂತೆ. ಕುಡಿದವನಿಗೆ ಕೈಯೂರಿ ಮೈ ಎತ್ತುವುದು ಎಲ್ಲಿ ನೆನಪಿರುತ್ತದೆ? ವಾಸನೆ ಬಂದರೆ ಬ್ಯಾಗಿನದು ಎಂದು ಹೇಳಿ ಪೌಡರು ಸುರಿದುಕೊಳ್ಳುತ್ತಿದ್ದನಂತೆ.

ಮೂಳೆ ಕೆರೆದು ಬಂದ ಡಾಕ್ಟರು ಬಾಗಿಲಲ್ಲಿ ನಿಂತು ಅಣ್ಣನಿಗೆ, "ಒಂದೆರಡು ದಿನ ಮುಂಚೆ ತಂದಿದ್ರೆ ಇಷ್ಟು ಆಗ್ತಿರಲಿಲ್ಲವೇನೋ. ಹೇಳಕ್ಕಾಗಲ್ಲ" ಎಂದರು. ಅವರು ಸುಮ್ಮನೆ ಮಾತಿಗೆ ಹೇಳಿದ್ದು. ನಾನು ಕುರ್ಚಿಯನ್ನು ತಿರುಗಿಸಿಕೊಂಡು ಗೋಡೆಯ ಕಡೆ ಹೋದೆ. ಅವನ ಹೆಂಡತಿ ನನ್ನ ಹಿಂದೆಯೇ ಬಂದು, ನನ್ನ ಕಾಲಿಗೆ ಬಿದ್ದಳು. "ದೇವ್ರು ಬಂದಂಗ್ ಬಂದೆ ಕಣಣ್ಣಾ. ನನ್ ಕಣ್ಗೇ ಬೀಳದಿದ್ದುದು ನಿನ್ ಕಣ್ಗೆ ಬಿತ್ತು" ಎಂದಳು. ನೀನು ಪ್ರೀತಿಯಿಂದ ನಂಬಿದೆ ಕಣವ್ವಾ, ನಾನು ಉರಿದುಕೊಂಡು ಹುಡುಕಿದೆ, ಅದಕ್ಕೇ ನನಗೆ ಕಂಡಿತು ಎನ್ನಲೇ? ಆ ಒಂಬತ್ತು ದಿನವೂ ನನಗೆ ಅನ್ನ ಸೇರಲಿಲ್ಲ. ರಮ್ಮು ಸೇರುತ್ತಿತ್ತೇನೋ. ಅಣ್ಣನ ಬೀರುವಿನಲ್ಲಿತ್ತು. ಬೀಗದ ಕೈ ಎಲ್ಲಿದೆಯೆಂದೂ ಗೊತ್ತಿತ್ತು.

ಬದುಕಿಕೊಂಡ. ಆಪರೇಷನ್ನಾಗಿ ಮನೆಗೆ ಬಂದವನು ಮೂರು ತಿಂಗಳು ಮಕಾಡೆ ಮಲಗಬೇಕಿತ್ತು. ಮಳೆ ಬಿಟ್ಟ ಒಂದು ದಿನ ನಾನು ಕುರ್ಚಿಯನ್ನು ಹಿಂದೆ ಕಟ್ಟಿಸಿಕೊಂಡು ಒಬ್ಬನೇ ಸ್ಕೂಟರಿನಲ್ಲಿ ಭೇರ್ಯಕ್ಕೆ ಹೊರಟೆ. ಹುಣಸೂರಿನ ವೆಲ್ಡಿಂಗ್ ಸಾಬರು ಅದಕ್ಕೆ ಅಕ್ಕಪಕ್ಕ ಗಾಲಿ ಹಾಕಿ, ಎಲ್ಲವೂ ಕೈಯಲ್ಲೇ ಆಗುವ ಹಾಗೆ ಮಾಡಿಕೊಟ್ಟಿದ್ದರು. ಹುಣಸೂರು, ಕೆ.ಆರ್. ನಗರ ದಾಟಿ ಎರಡು ಗಂಟೆಯ ದಾರಿ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನೇ ಬಾಯಿಪಾಠ ಮಾಡಿದೆ. ಹೇಳದೆ ಇದ್ದರೆ ಬೀಗದ ಕೈ ಇರುವ ಜಾಗಕ್ಕೆ ಒಂದು ದಿನ ನನ್ನ ಕೈ ಹೋಗಿಯೇ ಹೋಗುತ್ತದೆಂದು ನನಗೆ ಖಾತ್ರಿಯಾಗಿತ್ತು.

ಅವನು ಹೊಟ್ಟೆ ಮೇಲೆ ಮಲಗಿ, ಗಲ್ಲಕ್ಕೆ ದಿಂಬು ಕೊಟ್ಟುಕೊಂಡಿದ್ದ. ಅರ್ಧ ಆಗಿಹೋಗಿದ್ದ. ಪದಕ ಗೋಡೆಯ ಮೇಲಿತ್ತು, ಅವನು ಮಲಗಿದ್ದ ಕಡೆಯಿಂದ ಕಾಣುತ್ತಿರಲಿಲ್ಲ.

"ಯಾಕ್ಲಾ ಕುಡ್ದೆ?" ಎಂದು ಕೇಳಿದೆ. "ನಿಂಗೇನಾಗಿತ್ತು?"

"ನೀನು ಗಾಡಿ ಬಿದ್ದೋನು. ಅತ್ರೂ ಯಾರೂ ಏನೂ ಅನ್ನಾಕಿಲ್ಲ. ಡಾಕ್ಟ್ರ ತಾವ್ ಓದೆ, ಅತ್ತೆ, ಮಾತ್ರೆ ತಕ್ಕೊಂಡ್ ಬಂದೆ. ನಾನ್ ಓಗಿ ಎಂಗ್ಲಾ ಅಳ್ಲಿ? ಬಾವುಟ ಆರ್ಸಕ್ಕೆ ಕರೀತಾರೆ, ಮಕ್ಳು ಸೆಲ್ಯೂಟ್ ಒಡೀತವೆ. ಮನೆಗ್ ಬಂದು ಆರ ತೆಗ್ದ್ ಮ್ಯಾಲೆ ಎದೆ ಒಳ್ಗೆ ಏನೂ ಇರ್ತಿರ್ನಿಲ್ಲ ಕಣ್ಲಾ. ನಿನ್ ಮಾತ್ರೆ ಮ್ಯಾಲೆ ಎಷ್ಟು ಆಸೆ ಇತ್ತು ಗೊತ್ತಾ ನಂಗೆ?"

ನನ್ನ ಮಾತ್ರೆಯ ಮೇಲೆ ಆಸೆ! ಬಾಯಿಪಾಠ ಮಾಡಿದ್ದೆಲ್ಲ ಮರೆತು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. "ಫೋಟೋ ಅಳೇದು ಅಂತ ನಂಗೆ ಎರಡು ದಿನ ಮುಂಚೆನೇ ಗೊತ್ತಿತ್ತು ಕಣ್ಲಾ. ಸುಮ್ಕಿದ್ದೆ. ಒಟ್ಟೆಕಿಚ್ಚಿಗೆ ಸುಮ್ಕಿದ್ದೆ. ನಿಂಗೂ ಆಗ್ಲಿ ಅಂತ."

ಅವನು ಗೋಡೆ ಕಡೆ ಮುಖ ತಿರುಗಿಸಿದ. ಬಯ್ಯುತ್ತಾನೆ, ಎದ್ದು ಹೋಗು ಅನ್ನುತ್ತಾನೆ ಎಂದು ಕಾದೆ.

"ಎರಡು ದಿನಾನಾ?" ಎಂದ ಕೊನೆಗೆ. "ನಿನ್ ಫೋಟೋನ ನಾನು ಆರು ತಿಂಗಳಿಂದ ತೆಗ್ದೇ ನೋಡಿಲ್ಲ ಕಣ್ಲಾ. ಎದ್ದೇಟ್ಗೆ ಹೆಬ್ಬೆಟ್ಟು ಒತ್ತಿ ಫೋನ್ ಅತ್ಲಾಗ್ ಮಡಗ್ತಿದ್ದೆ."

ನನಗೆ ಸಿಟ್ಟು ಬಂತು ನೋಡಿ! ಅವನಿಗೆ ಬರಬೇಕಾದ ಸಿಟ್ಟೆಲ್ಲ ನನಗೇ ಬಂತು. ಆ ಆರು ತಿಂಗಳಲ್ಲಿ ಎರಡು ಸಲ ಬಾಟಲಿಯ ಮುಚ್ಚಳ ತೆಗೆದು, ನಾಳೆ ಬೆಳಿಗ್ಗೆ ಅವನು ನೋಡುತ್ತಾನೆ, ನೋಡಿದರೆ ಗೊತ್ತಾಗುತ್ತದೆ ಎಂದು ಹೆದರಿ ಮತ್ತೆ ಮುಚ್ಚಿದ್ದೆ. ನೋಡುವವನೇ ಇರಲಿಲ್ಲ! ಯಾರೂ ಕಾಯದ ಗೇಟಿನ ಮುಂದೆ ಹೆದರಿಕೊಂಡು ನಿಂತಿದ್ದೆ. "ಬೇವರ್ಸಿ, ನಿನ್ ನಂಬ್ಕೊಂಡು ಬದ್ಕಿದ್ನಲ್ಲೋ" ಎಂದು ಕೂಗಿದೆ. ಅವನ ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು. ನಾನು ಫೋನು ತೆಗೆದು, ಅಂದು ಬೆಳಿಗ್ಗೆ ಅಭ್ಯಾಸಬಲದಿಂದ ತೆಗೆದಿದ್ದ ಫೋಟೋವನ್ನು ಅವನ ಮೂಗಿಗೆ ಹಿಡಿದೆ. "ನೋಡು. ಈಗ್ ನೋಡ್ಲಾ!"

ಅವನು ಫೋನು ತೆಗೆದುಕೊಂಡ. ಕಣ್ಣು ಒರೆಸಿಕೊಂಡು, ಎರಡು ಬೆರಳಲ್ಲಿ ಹಿಗ್ಗಿಸಿ, ನಿಧಾನವಾಗಿ ನೋಡಿದ. ಮೇಲೆ, ಕೆಳಗೆ, ಆಚೆ, ಈಚೆ. ಅಷ್ಟು ಹೊತ್ತು ನನ್ನನ್ನು ಯಾವ ಡಾಕ್ಟರೂ ನೋಡಿರಲಿಲ್ಲ.

"ಎಡಗಡೆ ಕೆಳಗೆ ಕೆಂಪಗಾಗದೆ" ಎಂದ. "ರೂಪಾಯಗಲ. ಇದು ಬೆಳಿಗ್ಗೆದಾ?"

"ಊಂ."

"ಇದ್ರ ಮ್ಯಾಲೆ ಎರಡು ಗಂಟೆ ಸ್ಕೂಟರ್‌ನಲ್ಲಿ ಕುಂತ್ಕೊಂಡ್ ಬಂದ್ಯಾ? ಈಗ್ಲೂ ಕುಂತಿದ್ದೀಯಾ? ನಿಂಗೇನ್ ತಲೆ ಕೆಟ್ಟದಾ? ಮನಿಕೊ. ಮೊದ್ಲು ಮಕಾಡೆ ಮನಿಕೊ!"

ಪಕ್ಕದಲ್ಲಿ ಮರದ ದಿವಾನ ಇತ್ತು. ಅವನ ಹೆಂಡತಿ ಅದರ ಮೇಲೆ ಎರಡು ಕಂಬಳಿ ಹಾಸಿಕೊಟ್ಟಳು. ನಾನು ಕುರ್ಚಿಯಿಂದ ಅದಕ್ಕೆ ಜಾರಿ, ಮಕಾಡೆ ಮಲಗಿದೆ. ಅವನದು ಗಾಳಿ ತುಂಬುವ ಹಾಸಿಗೆ, ಮೋಟಾರು ಬೇರೆ ಇತ್ತು, ತಾನೇ ಉಬ್ಬಿ ತಾನೇ ಇಳಿದು ಅವನ ಮೈಯನ್ನು ಆರಾಮಾಗಿ ಎತ್ತಿ ಇಳಿಸುತ್ತಿತ್ತು. ನನ್ನ ಎದೆಗೆ ಹಲಗೆ ಒತ್ತುತ್ತಿತ್ತು. ಆ ಹಾಸಿಗೆ ನೋಡಿ ನನಗೆ ಮತ್ತೆ ಹೊಟ್ಟೆ ಉರಿಯಿತು. ಈ ಸಲ ಬಾಯಿ ಬಿಟ್ಟು ಹೇಳಿಯೂಬಿಟ್ಟೆ.

"ಮುಚ್ಕೊಂಡ್ ಮನಿಕೊಳ್ಲಾ" ಎಂದ.

ಸಂಜೆ ಕೆಂಪು ಇಳಿಯುವವರೆಗೂ ಅವನು ನನ್ನನ್ನು ಏಳಲು ಬಿಡಲಿಲ್ಲ.